ಗಾಡಿಯ ಮಡಕೆ, ಮನುಷ್ಯರ ಮಡಕೆ

ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನ ಕಡೆ ಹೋಗುವಾಗ ರಸ್ತೆ ಬೆಟ್ಟಗಳ ನಡುವೆ ನುಗ್ಗಿ ನಿಧಾನಕ್ಕೆ ಏರತೊಡಗುತ್ತದೆ. ಏರು ಮುಗಿಯುವ ಮೊದಲು ಒಂದು ತಿರುವು, ತಿರುವಿನಲ್ಲಿ ಹುಣಸೆಮರ, ಮರದ ಹಿಂದೆ ಒಂದು ಗುಡಿಸಲು. ಗಂಗುಲಮ್ಮ ಇದ್ದದ್ದು ಆ ಗುಡಿಸಲಿನಲ್ಲಿ. ನನ್ನ ನೆನಪಿನಲ್ಲಿ ಅಲ್ಲಿ ಯಾವಾಗಲೂ ಮಧ್ಯಾಹ್ನವೇ. ಟಾರಿನ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿರುತ್ತದೆ. ಎಲೆ ಅಲ್ಲಾಡುವುದಿಲ್ಲ. ಯಾವುದೋ ಕಾರು ಬುಸುಗುಟ್ಟುತ್ತಾ ನಿಂತಿದೆ, ಗಂಗುಲಮ್ಮ ಮಡಕೆ ಹೊತ್ತು ಇಳಿದು ಬರುತ್ತಿದ್ದಾಳೆ. ಮಳೆಗಾಲದಲ್ಲೂ ಆ ದಾರಿಯಲ್ಲಿ ನಾನು ಓಡಾಡಿದ್ದೇನೆ, ಆದರೆ ಅದೊಂದೂ ನೆನಪಿಗೆ ಬರುವುದಿಲ್ಲ.

ಅವಳ ಗಂಡ ಮುನಿಗಂಗಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದವನು. ಆಗ ರಸ್ತೆ ಅದುಮುವ ರೋಲರು ಕಲ್ಲಿದ್ದಲು ಉರಿಸಿ, ಹಬೆಯಲ್ಲಿ ಓಡುತ್ತಿತ್ತು. ಅದಕ್ಕೆ ನೀರು ತುಂಬಿಸುವುದು ಅವನ ಕೆಲಸ. ಹಬೆಯ ಗುಣವನ್ನೆಲ್ಲ ಅವನು ಹೆಂಡತಿಗೆ ಹೇಳಿಕೊಟ್ಟಿದ್ದ. ಕೆಲಸ ಮುಗಿದು ರೋಲರು ಚಿಂತಾಮಣಿ ಕಡೆ ಹೊರಟಾಗ ಅದರ ಹಿಂದೆಯೇ ನಡೆದುಕೊಂಡು ಹೋದ. ಎರಡು ತಿಂಗಳಾದ ಮೇಲೆ, ಅಲ್ಲೇ ಜ್ವರ ಬಂದು ತೀರಿಕೊಂಡನೆಂದು ಸುದ್ದಿ ಬಂತು. ಗಂಗುಲಮ್ಮನ ಅಣ್ಣ ಬಂದು ಕೇರಿಗೆ ಕರೆದರೂ ಅವಳು ಹೋಗಲಿಲ್ಲ. “ಇಲ್ಲಾದ್ರೆ ರೋಡು ಬರ್ತೈತೆ, ಹೋಗ್ತೈತೆ. ನೋಡ್ಕಂಡಿರ್ತೀನಿ” ಅಂದಳಂತೆ.

ಗುಡಿಸಲ ಮುಂದೆ ಎರಡು ಮಡಕೆ ಇಟ್ಟಿದ್ದಳು. ಕಪ್ಪು ಮಡಕೆಯಲ್ಲಿ ಕುಂಟೆಯ, ಅಂದರೆ ಮಳೆನೀರು ನಿಲ್ಲುವ ಸಣ್ಣ ಹೊಂಡದ ನೀರು, ಅದು ಗಾಡಿಗಳಿಗೆ. ಕೆಂಪು ಮಡಕೆಯಲ್ಲಿ ಹಳ್ಳದ ಮರಳು ತೋಡಿ ತೆಗೆದ ಒರತೆ ನೀರು, ಬಟ್ಟೆಯಲ್ಲಿ ಸೋಸಿದ್ದು, ಅದು ಮನುಷ್ಯರಿಗೆ. ಕಪ್ಪು ಮಡಕೆ ಬೇಸಗೆಯಲ್ಲಿ ದಿನಕ್ಕೆ ಎರಡು ಸಲ ಬರಿದಾಗುತ್ತಿತ್ತು. ಕೆಂಪು ಮಡಕೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳು ಯಾವ ಕೇರಿಯವಳೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಕೈಯ ನೀರನ್ನು ಕಾರು ಕುಡಿಯಬಹುದು, ಕಾರಿನಲ್ಲಿ ಕೂತವರು ಕುಡಿಯುವಂತಿಲ್ಲ. ಆಗಿನ ಕಾಲವೇ ಹಾಗಿತ್ತು ಎಂದು ಈಗ ಎಲ್ಲರೂ ಸುಲಭವಾಗಿ ಜಾರಿಕೊಳ್ಳುತ್ತಾರೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಕಾಲವೇನು ನನ್ನ ಕೈ ಹಿಡಿದಿಟ್ಟುಕೊಂಡಿರಲಿಲ್ಲ. ಗಂಗುಲಮ್ಮ ಮಾತ್ರ ದಿನಾ ಬೆಳಿಗ್ಗೆ ಹಳೆಯ ನೀರನ್ನು ಹುಣಸೆಮರಕ್ಕೆ ಹುಯ್ದು, ಹಳ್ಳಕ್ಕೆ ಹೋಗಿ, ಕೆಂಪು ಮಡಕೆಗೆ ಹೊಸ ನೀರು ತರುತ್ತಿದ್ದಳು. ಇವತ್ತಾದರೂ ಯಾರಾದರೂ ಕುಡಿದಾರು ಎಂದು ಅವಳ ಆಸೆ.

ನಾನು ಅವಳನ್ನು ಮೊದಲು ನೋಡಿದ್ದು ಐವತ್ತೇಳರ ಬೇಸಗೆಯಲ್ಲಿ. ಮೇಲೂರಿಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಗೌರಿಬಿದನೂರಿನಲ್ಲಿ ನೆಂಟರ ಮನೆಯ ಮದುವೆ. ನಾನು, ನಮ್ಮತ್ತೆ ಚಿಕ್ಕವೆಂಕಟಮ್ಮ, ನಮ್ಮ ಯಜಮಾನರು, ಮೂರೇ ಜನ. ಯಜಮಾನರ ಹೆಸರು ಆವಲಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ. ಬೆಂಗಳೂರಿನಲ್ಲಿ ಯಾವುದೋ ದೊರೆ ಬಿಟ್ಟುಹೋದ ಬೂದು ಬಣ್ಣದ ಕಾರೊಂದನ್ನು ಅವರು ಆಗಷ್ಟೇ ತಂದಿದ್ದರು. ಅದನ್ನು ಒರೆಸುತ್ತಿದ್ದಷ್ಟು ಅಕ್ಕರೆಯಿಂದ ನನ್ನ ಮುಖ ನೋಡಿದ್ದರೆ ನನಗೆ ಸಾಕಾಗಿತ್ತು.

ಏರು ಶುರುವಾಗುತ್ತಲೇ ಕಾರಿನ ಮೂತಿಯಿಂದ ಹಬೆ ಏಳತೊಡಗಿತು. ಯಜಮಾನರು ತಿರುವಿನಲ್ಲಿ ನಿಲ್ಲಿಸಿದರು. ಇಳಿದವರೇ ಒಂದು ಜಾಣತನ ಮಾಡಿದರು. ನಾವು ಕುಡಿಯಲು ತಂದಿದ್ದ ಕೂಜದ ನೀರನ್ನೆಲ್ಲ ತೆಗೆದು ಬಾನೆಟ್ಟಿನ ಮೇಲೆ ಸುರಿದರು. ಚುಂಯ್ ಎಂದು ಎಲ್ಲವೂ ಆವಿಯಾಯಿತು. ಕಾರು ತಣ್ಣಗಾಗಲಿಲ್ಲ, ನಮಗೆ ಕುಡಿಯಲು ಒಂದು ಹನಿ ಉಳಿಯಲಿಲ್ಲ.

ಅಷ್ಟರಲ್ಲಿ ಮರದ ಹಿಂದಿನಿಂದ ಗಂಗುಲಮ್ಮ ಬಂದಳು. ಮೂವತ್ತೈದರ ಆಸುಪಾಸು, ಬತ್ತಿದ ಮೈ, ಬಾಯಲ್ಲಿ ಎಲೆಅಡಿಕೆ. ಯಾರನ್ನೂ ಮಾತಾಡಿಸದೆ ಒಂದು ದಪ್ಪ ಕಲ್ಲನ್ನು ಹೊತ್ತು ತಂದು ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟಳು. ಆಮೇಲೆ ಹೊಂಗೆಯ ಕೊಂಬೆ ಮುರಿದು, ನಲವತ್ತು ಹೆಜ್ಜೆ ಹಿಂದೆ ನಡೆದುಹೋಗಿ, ತಿರುವಿಗೆ ಮುಂಚೆಯೇ ಕಾಣುವ ಹಾಗೆ ರಸ್ತೆಯ ಮೇಲೆ ಹಾಕಿ ಬಂದಳು. ಕಾರಿನ ಹಿಂದೆ ನಿಂತಿದ್ದ ನಮ್ಮತ್ತೆಯನ್ನು ನೋಡಿ, “ಅಲ್ಲಿ ನಿಂತ್ಕಾಬ್ಯಾಡಿ ಅಮ್ಮೋರೇ, ಗಾಡಿ ಹಿಂದಕ್ಕೆ ಜಾರಿದ್ರೆ ಏನ್ ಮಾಡ್ತೀರಾ? ಮರದ ಕೆಳೀಕೆ ಬನ್ನಿ” ಅಂದಳು.

“ನೀರಿದ್ರೆ ಬೇಗ ತಾರಮ್ಮ, ಹೊತ್ತಾಗ್ತೈತೆ” ಅಂದರು ಯಜಮಾನರು.

“ಬಿಳೀದು ಬರ್ತೈತೆ ಗೌಡ್ರೇ, ಬರೀ ಹಬೆ. ಕರೀ ಹೊಗೆ ಬಂದಿದ್ರೆ ನಾನೇ ನಿಮ್ಮನ್ನ ದೂರ ಓಡಿಸ್ತಿದ್ದೆ. ಹಬೆಗೆ ಕೂತ್ಕಾಬೇಕು. ಎರಡು ಸಲ ಎಲೆ ಹಾಕ್ಕಂಡು ಉಗಿಯೋ ಅಷ್ಟು ಹೊತ್ತು. ಅಲ್ಲೀಗಂಟ ಮುಚ್ಚಳ ಮುಟ್ಟಬ್ಯಾಡಿ.”

ನಾವು ಮರದ ಕೆಳಗೆ ಕೂತೆವು. ಅವಳು ನಮ್ಮಿಂದ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಆ ಹೊತ್ತು ಎಷ್ಟು ಉದ್ದವಾಗಿತ್ತೋ ಕಾಣೆ. ಹಬೆ ಮೆಲ್ಲಗೆ ಮೇಲೇರಿ ಹುಣಸೆ ಎಲೆಗಳ ನಡುವೆ ಕರಗುತ್ತಿತ್ತು. ಬೆಟ್ಟದ ಬಂಡೆಗಳು ಬಿಸಿಲಿನಲ್ಲಿ ತೂಕಡಿಸುತ್ತಿದ್ದವು. ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯದು. ತಿಳಿಯುತ್ತಿದ್ದದ್ದು ಬಾಯಾರಿಕೆಯೊಂದೇ.

ಅವಳು ಕೆಂಪು ಮಡಕೆಯನ್ನು ತಂದು, ತನಗೂ ನಮಗೂ ನಡುವೆ ಇಟ್ಟು, ಮೇಲೆ ಒಂದು ಹಿತ್ತಾಳೆ ಚೊಂಬು ಮುಚ್ಚಿದಳು. ಚೊಂಬು ಬೆಳಗಿ ಫಳಫಳ ಅನ್ನುತ್ತಿತ್ತು. ರಸ್ತೆಯ ಕಡೆ ನೋಡುತ್ತಾ, ಯಾರಿಗೂ ಅಲ್ಲ ಎಂಬಂತೆ, “ಬಾಯಾರಿದ್ರೆ ಐತೆ. ಒರತೆ ನೀರು” ಅಂದಳು.

ನನ್ನ ಕೈ ತೊಡೆಯ ಮೇಲಿಂದ ಎದ್ದಿತ್ತು. ಅತ್ತೆ ಸಣ್ಣಗೆ ಕೆಮ್ಮಿದರು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ನಂಗೆ ಬಾಯಾರಿಲ್ಲ” ಅಂದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಆ ಮಾತೂ ನೆಟ್ಟಗೆ ಹೊರಡಲಿಲ್ಲ. ಗಂಗುಲಮ್ಮ ನನ್ನ ಕೈಯನ್ನೂ ನೋಡಿದ್ದಳು, ನನ್ನ ಸುಳ್ಳನ್ನೂ ಕೇಳಿದ್ದಳು. ಕಾರಿನ ಕಡೆ ತಿರುಗಿ, “ಉಂಡು ತಲ್ಲೀ, ಉಂಡು” ಎಂದಳು. ಇರು ತಾಯಿ, ಇರು ಅಂತ. ಮನುಷ್ಯರ ಜೊತೆ ಅವಳದು ಕನ್ನಡ, ಗಾಡಿಗಳ ಜೊತೆ ಮನೆಯ ತೆಲುಗು. ಆ ಮಾತು ಕಾರಿಗೆ ಹೇಳಿದ್ದೋ ನನಗೋ ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಯಜಮಾನರಿಗೆ ತಡೆಯಲಿಲ್ಲ. ಅವಳು ಎರಡನೆಯ ಸಲ ಎಲೆಗೆ ಸುಣ್ಣ ಸವರುತ್ತಿದ್ದಾಗಲೇ ಹೋಗಿ, ಟವೆಲು ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟರು. ಬುಸ್ಸೆಂದು ಕುದಿನೀರು ಆಳೆತ್ತರ ಚಿಮ್ಮಿತು. ಮುಖ ತಿರುಗಿಸಿಕೊಂಡದ್ದರಿಂದ ಕಣ್ಣು ಉಳಿಯಿತು, ಬಲಗೈ ಮೊಣಕೈವರೆಗೂ ಬೆಂದುಹೋಯಿತು. ಅವರು ಕೂಗಿದ ಕೂಗು ಬೆಟ್ಟಕ್ಕೆ ತಾಕಿ ವಾಪಸು ಬಂತು.

ಗಂಗುಲಮ್ಮ ಕೆಂಪು ಮಡಕೆಯನ್ನೇ ಎತ್ತಿಕೊಂಡು ಓಡಿದಳು. ಅವರನ್ನು ಕೂರಿಸಿ, ಕೈಯ ಮೇಲೆ ಸಣ್ಣಗೆ, ಧಾರೆ ಕಡಿಯದಂತೆ ಹುಯ್ದಳು. ಅತ್ತೆ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದರೆ, “ಏನೂ ಹಚ್ಚಬ್ಯಾಡಿ, ನೀರೇ ಸಾಕು” ಎಂದು ಗದರಿದಳು. ಮಡಕೆ ತಳ ಕಾಣುವವರೆಗೂ ಹುಯ್ದಳು. ಅತ್ತೆ ಸುಣ್ಣದ ಡಬ್ಬಿಯನ್ನು ಚೀಲಕ್ಕೆ ವಾಪಸು ಹಾಕಿಕೊಂಡರು. ಮಗನ ಚರ್ಮ ಸುಡುವಾಗ ಯಾರ ನೀರು ಎಂದು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಹೀಗೆ ಅವತ್ತು ಕೆಂಪು ಮಡಕೆ ಬರಿದಾಯಿತು, ಆದರೂ ಅದರಲ್ಲಿ ಒಂದು ಗುಟುಕನ್ನೂ ಯಾರೂ ಕುಡಿಯಲಿಲ್ಲ.

ಕಾರು ಆರಿದ ಮೇಲೆ ಗಂಗುಲಮ್ಮ, ಮುಚ್ಚಳವನ್ನು ಒದ್ದೆ ಗೋಣಿ ಹೊದಿಸಿಯೇ ತೆಗೆಯಬೇಕೆಂದು ಹೇಳಿ, ನೀರು ತುಂಬಿಸುವುದನ್ನು ತೋರಿಸಿದಳು. ಇಂಜಿನ್ನು ಓಡುತ್ತಿರಬೇಕು, ಕಪ್ಪು ಮಡಕೆಯ ನೀರು ಸ್ವಲ್ಪ ಸ್ವಲ್ಪವೇ ಇಳಿಯಬೇಕು, ಒಂದೇ ಸಲ ಸುರಿದರೆ ಒಳಗಿನ ಕಬ್ಬಿಣ ಸೀಳಿಬಿಡುತ್ತದೆ. ಯಜಮಾನರು ಎಡಗೈಯಲ್ಲಿ ಸ್ಟೇರಿಂಗು ಹಿಡಿದು ನಿಧಾನಕ್ಕೆ ಹೊರಟರು. ಹಿಂದೆ ತಿರುಗಿ ನೋಡಿದೆ. ಅವಳು ಕಲ್ಲನ್ನೂ ಕೊಂಬೆಯನ್ನೂ ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಳು. ಬಿಟ್ಟುಹೋದ ಕಲ್ಲಿಗೆ ಕತ್ತಲಲ್ಲಿ ಎತ್ತಿನ ಗಾಡಿ ಮಗುಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೌರಿಬಿದನೂರು ತಲುಪಿದ ಮೇಲೆ ಅತ್ತೆ ಯಜಮಾನರಿಗೆ ಸ್ನಾನ ಮಾಡಿಸಿದರು, ಸುಟ್ಟ ಕೈಯನ್ನೂ ಬಿಡದೆ.

ಅದಾದ ಮೇಲೆ ಒಂಬತ್ತು ವರ್ಷ. ಯಜಮಾನರ ಕೈಯ ಗಾಯ ಮಾಯ್ದು ಕಲೆ ಉಳಿಯಿತು. ಕಾರಿನ ಹಿಂದೆ ಗೋಣಿಯಲ್ಲಿ ಸುತ್ತಿದ ಕಲ್ಲೊಂದು, ಎರಡು ಡಬ್ಬ ನೀರು ಯಾವಾಗಲೂ ಇರುತ್ತಿದ್ದವು. ಆ ಕಲ್ಲಿಗೆ ಅವರು ಇಟ್ಟ ಹೆಸರು ಗಂಗುಲಮ್ಮ. ನಾನು ಹಟ ಹಿಡಿದು ಕಾರು ಓಡಿಸಲು ಕಲಿತೆ. ಮೇಲೂರಿನಲ್ಲಿ ಗೌಡರ ಸೊಸೆ ಸ್ಟೇರಿಂಗು ಹಿಡಿದಳೆಂದು ಜನ ಹಿಪ್ಪುನೇರಳೆ ತೋಟ ಬಿಟ್ಟು ರಸ್ತೆಗೆ ಬಂದು ನೋಡಿದರು. ನೋಡಿಕೊಳ್ಳಲಿ ಎಂದು ಇನ್ನೊಂದು ಸುತ್ತು ಹೊಡೆದೆ.

ಆ ತಿರುವಿನಲ್ಲಿ ಮೂವತ್ತು ಸಲವಾದರೂ ಹಾದುಹೋಗಿರಬೇಕು. ಪ್ರತಿ ಸಲವೂ ಕಾರಿನಲ್ಲಿ ಯಾರಾದರೂ ಇರುತ್ತಿದ್ದರು, ಕೂಜ ತುಂಬಿರುತ್ತಿತ್ತು. ಎರಡು ಸಲ ಕಾರು ಕಾಯ್ದು ನಿಂತಾಗಲೂ ಕಾರು ಕುಡಿಯಿತು, ನಾನು ಕುಡಿಯಲಿಲ್ಲ. ಗಂಗುಲಮ್ಮನೂ ಮತ್ತೆ ಕೇಳಲಿಲ್ಲ. ಮನೆಯಲ್ಲಿ ಮಧ್ಯಾಹ್ನ ಮಲಗಿದರೆ ಬೆಳಗಿದ ಚೊಂಬು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ನನಗೆ ನನ್ನ ಮೇಲೆಯೇ ನಾಚಿಕೆಯಾಗುತ್ತಿತ್ತು.

ಅರವತ್ತಾರರಲ್ಲಿ ಅತ್ತೆ ತೀರಿಕೊಂಡರು. ಅವರ ತಿಥಿಯೆಲ್ಲ ಕಳೆದ ಮೇಲೆ ಒಂದು ದಿನ ನಾನೊಬ್ಬಳೇ ಹೊರಟೆ. ಕೂಜವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ತಿರುವಿನಲ್ಲಿ ಕಾರನ್ನು ರಸ್ತೆಯಿಂದ ಕೆಳಗಿಳಿಸಿ, ಗೇರಿನಲ್ಲಿ ಬಿಟ್ಟು, ಕೈಬ್ರೇಕು ಎಳೆದು ಇಳಿದೆ. ಗಂಗುಲಮ್ಮ ಬಂದಳು, ತಲೆ ಅರ್ಧ ನರೆತಿತ್ತು. ಮೊದಲು ಚಕ್ರಕ್ಕೆ ಕಲ್ಲು ಇಟ್ಟಳು. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದಳು.

“ಕಾಯ್ದಿಲ್ವಲ್ಲ ಅಮ್ಮಣ್ಣಿ. ಏನಾಗೈತೆ ಗಾಡಿಗೆ?”

“ಗಾಡಿಗೆ ಏನೂ ಆಗಿಲ್ಲ ಗಂಗುಲಮ್ಮ. ನಂಗೆ ಬಾಯಾರೈತೆ.”

ಅವಳು ಬಾನೆಟ್ಟಿನ ಮೇಲಿದ್ದ ಕೈಯನ್ನು ತೆಗೆದು ಸೆರಗಿಗೆ ಒರೆಸಿಕೊಂಡಳು. “ಕೆಂಪು ಮಡಕೇಲಿ ಹುರುಳಿ ಹಾಕಿಟ್ಟೀನಿ, ಮೂರು ವರ್ಷ ಆಯ್ತು. ಎಷ್ಟು ದಿನ ಅಂತ ಮರಕ್ಕೇ ಹುಯ್ಯೋದು?” ಅಂದಳು.

ತಡ ಮಾಡಿದೆ ಎಂದು ಗೊತ್ತಿತ್ತು, ಇಷ್ಟು ತಡ ಎಂದು ಗೊತ್ತಿರಲಿಲ್ಲ. “ಕಪ್ಪು ಮಡಕೇದೇ ಕೊಡು, ಕುಡೀತೀನಿ” ಅಂದೆ.

“ಅದು ಕುಂಟೆ ನೀರು. ಗಾಡಿಗೆ ಹೊಟ್ಟೆ ಇಲ್ಲ, ನಿಂಗೈತೆ. ಬಾ.”

ಚೊಂಬು ಹಿಡಿದು ಹಳ್ಳದ ಕಡೆ ಇಳಿದಳು. ನಾನೂ ಹಿಂದೆಯೇ ಹೋದೆ. ಬೇಸಗೆಯ ಹಳ್ಳ, ಉದ್ದಕ್ಕೂ ಬರೀ ಮರಳು. ಅವಳು ಒಂದು ಕಡೆ ಕೂತು ಕೈಯಲ್ಲೇ ತೋಡತೊಡಗಿದಳು, ನಾನೂ ತೋಡಿದೆ. ಮೊಣಕೈ ಮುಳುಗುವಷ್ಟು ತೋಡಿದಾಗ ಮರಳು ತಣ್ಣಗಾಯಿತು, ತಳದಲ್ಲಿ ನೀರು ಜಿನುಗಿತು, ಕೆಂಪಗೆ ಕದಡಿದ ನೀರು. “ಚೆಲ್ಲು” ಅಂದಳು. ಚೆಲ್ಲಿದೆ. ಮತ್ತೆ ತುಂಬಿತು. “ಇದೂ ಚೆಲ್ಲು. ಇನ್ನು ಕೂತ್ಕೋ, ತಿಳಿಯಾಗ್ಲಿ.”

ಕೂತೆವು. ಎರಡು ಸಲ ಎಲೆ ಹಾಕಿಕೊಂಡು ಉಗಿಯುವಷ್ಟು ಹೊತ್ತು. ಗುಂಡಿಯ ನೀರಿನಲ್ಲಿ ಮರಳಿನ ಕಣಗಳು ಒಂದೊಂದಾಗಿ ಕೆಳಗಿಳಿದವು. ಮೊದಲು ಆಕಾಶ ಕಂಡಿತು, ಆಮೇಲೆ ಅವಳ ಮುಖ, ಆಮೇಲೆ ನನ್ನದು. ಎಲ್ಲೋ ದೂರದಲ್ಲಿ ಒಂದು ಲಾರಿ ಏರು ಹತ್ತುತ್ತಿತ್ತು, ಆ ಸದ್ದು ಕೂಡ ನಿದ್ದೆಯಲ್ಲಿ ಕೇಳಿದಂತಿತ್ತು. ಒಂಬತ್ತು ವರ್ಷ ಹೀಗೆ ಕೂತೇ ಇದ್ದೆವೇನೋ ಅನ್ನಿಸಿತು.

ಅವಳು ಚೊಂಬು ಮೊಗೆದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ತುಟಿಗೆ ಹಚ್ಚಿ, ಕಚ್ಚಿ, ಒಂದೇ ಉಸಿರಿಗೆ ಕುಡಿದೆ. ನೀರು ತಣ್ಣಗೆ, ಸಿಹಿಯಾಗಿತ್ತು. ಕಣ್ಣು ತುಂಬಿ ಬಂತು. ಎಂಥ ದೊಡ್ಡ ಕೆಲಸ ಮಾಡಿದೆ ಎಂದುಕೊಂಡು ಚೊಂಬು ವಾಪಸು ಕೊಟ್ಟೆ.

ಗಂಗುಲಮ್ಮ ಚೊಂಬಿನ ಬಾಯಿ ನೋಡಿದಳು, ನನ್ನ ಬಾಯಿ ನೋಡಿದಳು.

“ಎತ್ತಿ ಕುಡಿಯೋಕೆ ಬರಲ್ವಾ ಅಮ್ಮಣ್ಣಿ? ನನ್ನ ಚೊಂಬನ್ನ ಎಂಜಲು ಮಾಡಿಬಿಟ್ಟೆಯಲ್ಲ!”

“ಬೇಕು ಅಂತಲೇ ಕಚ್ಚಿ ಕುಡಿದೆ ಗಂಗುಲಮ್ಮ. ನಂಗೆ ಭೇದ ಇಲ್ಲ ಅಂತ.”

“ನಿಂಗಿಲ್ದಿದ್ರೆ ಇರ್ಲಿ ಬಿಡು. ಎಂಜಲು ಎಂಜಲೇ ಕಣಮ್ಮ, ಗೌಡ್ರ ಮನೇದಾದ್ರೇನು?”

ಅಷ್ಟು ಹೇಳಿ, ಹಿಡಿ ಮರಳು ತೆಗೆದುಕೊಂಡು ಚೊಂಬನ್ನು ತಿಕ್ಕತೊಡಗಿದಳು. ಒಳಗೆ, ಹೊರಗೆ, ಬಾಯಂಚಿನಲ್ಲಿ, ಮೂರು ಸಲ. ನನ್ನ ಮುಖ ಬಿಸಿಯಾಯಿತು. ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ನಗು ಬಂತು, ತಡೆಯಲಾರದಷ್ಟು. ಅವಳೂ ನಕ್ಕಳು. ನಗುತ್ತಲೇ ನೀರು ಮೊಗೆದು, ತುಟಿಗೆ ತಾಕಿಸದೆ ಎತ್ತಿ, ಒಂದು ಹನಿ ಚೆಲ್ಲದೆ ಕುಡಿದಳು.

“ಇನ್ನೂ ಬೇಕಾ?”

“ಬೇಕು” ಅಂದೆ. ಈ ಸಲ ಎತ್ತಿ ಕುಡಿದೆ. ಅರ್ಧ ನೀರು ಕುತ್ತಿಗೆಯ ಮೇಲೆ ಬಿತ್ತು.