ಮಾಟಗಾತಿಯ ಪಾತ್ರ ಕೇಳಿದವಳು

ನನ್ನ ತಂಗಿಯನ್ನು ಬೀದಿಯವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಎಲ್ಲರ ಬಾಯಲ್ಲೂ ಅವಳು ‘ಗಂಟೆ’. ಹುಟ್ಟಿದ ದಿನ ಅವಳು ಅತ್ತ ಅಳುವಿಗೆ ಅಕ್ಕಪಕ್ಕದ ಮನೆಯವರೆಲ್ಲ ಎದ್ದು ಬಂದಿದ್ದರಂತೆ. ಮುಂದೆ ಆ ಗಂಟಲೇ ಅವಳಿಗೆ ಅನ್ನ ಹಾಕಿತು. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳ ಹೊತ್ತು, ಜಾಗ ಕೂಗುವುದು ಅವಳ ಕೆಲಸ. ‘ಪ್ರಯಾಣಿಕರ ಗಮನಕ್ಕೆ’ ಎಂದಳೆಂದರೆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದವನೂ ದಡಬಡಿಸಿ ಎದ್ದು ಗಂಟುಮೂಟೆ ಹುಡುಕುತ್ತಿದ್ದ.

ಇಷ್ಟೇ ಆಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅವಳಿಗೆ ಒಂದು ಹುಚ್ಚಿತ್ತು. ಏಳು ಸಂಪುಟದ ಒಂದು ಕಥೆ. ರಾಜ, ರೆಕ್ಕೆಯ ಹಾವು, ಮಾಟ, ಮಂತ್ರ, ತಲೆಬುಡವಿಲ್ಲದ್ದು. ಒಂದೊಂದು ಸಂಪುಟವೂ ದಿಂಬಿನಷ್ಟು ದಪ್ಪ. ಅದನ್ನೋದಿ ತಲೆ ಕೆಡಿಸಿಕೊಂಡ ಏಳೆಂಟು ಜನ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದರು. ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಬ್ಯಾಂಕಿನ ಕಾವಲುಗಾರ, ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಒಬ್ಬಳು ನರ್ಸು, ಹೀಗೆ. ವರ್ಷಕ್ಕೊಮ್ಮೆ ವೇಷ ಕಟ್ಟಿ ಆ ಕಥೆಯನ್ನು ಆಡುವುದು, ಅದಕ್ಕೆ ಮೊದಲು ಒಂದು ದಿನ ಯಾರಿಗೆ ಯಾವ ಪಾತ್ರ ಎಂದು ಆರಿಸಿಕೊಳ್ಳುವುದು.

“ಕತ್ತೆ ವಯಸ್ಸಾಯ್ತು, ಇನ್ನೂ ಮಕ್ಕಳಾಟ ಬಿಟ್ಟಿಲ್ಲ,” ಎಂದು ಬೈಯುತ್ತಿದ್ದೆ.

“ಒಂದ್ಸಲ ಓದಕ್ಕಾ, ಆಮೇಲೆ ಎಷ್ಟು ಬೇಕಾದ್ರೂ ಬೈ.”

ನಾನು ಓದಲಿಲ್ಲ. ಬೈಯುತ್ತಲೇ ಅವಳ ಮಾಟಗಾತಿ ವೇಷಕ್ಕೆ ಕಪ್ಪು ನಿಲುವಂಗಿ ಹೊಲಿದುಕೊಟ್ಟೆ. ನಾನು ದರ್ಜಿ, ಹೊಲಿಗೆ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ?

ಪಾತ್ರ ಆರಿಸುವುದಕ್ಕೆ ಅವರದೊಂದು ಕಟ್ಟಳೆ ಇತ್ತು. ಬೇಕೆನ್ನುವವರು ಎದ್ದು ನಿಂತು ಆ ಪಾತ್ರದ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೂತವರಲ್ಲಿ ಒಬ್ಬರಾದರೂ ‘ಓ’ ಎಂದರೆ ಪಾತ್ರ ಅವರದು, ಇಲ್ಲವಾದರೆ ತೆಪ್ಪಗೆ ಕೂರಬೇಕು. ಮಾಟಗಾತಿಯ ಮಾತು ನನಗೂ ಬಾಯಿಪಾಠವಾಗಿತ್ತು. ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ ಅವಳು ಅದನ್ನೇ ಹೇಳುತ್ತಿದ್ದಳು. “ನಾನು ಕರೆದರೆ ಸತ್ತವರೂ ಓಗೊಡಬೇಕು.” ಆ ಕೋಣೆಯಲ್ಲಿ ಅವಳು ಅದನ್ನು ಹೇಳಿದರೆ ಕೆಳಗೆ ಪಂಕ್ಚರ್ ಹಾಕುತ್ತಿದ್ದವನೂ ‘ಓ’ ಎನ್ನುತ್ತಿದ್ದನಂತೆ. ವರ್ಷ ವರ್ಷವೂ ಮಾಟಗಾತಿ ಅವಳೇ. ಯಾರಿಗೂ ಬೇಡವಾದ ಪಾತ್ರವೂ ಒಂದಿತ್ತು, ಕಲ್ಲರಸಿ. ಶಾಪಕ್ಕೆ ಕಲ್ಲಾದವಳು, ಆಟ ಮುಗಿಯುವವರೆಗೆ ಕುರ್ಚಿಯಲ್ಲಿ ಅಲುಗದೆ ಕೂತಿರಬೇಕು. ಅವಳಿಗೆ ಮಾತೇ ಇಲ್ಲದ್ದರಿಂದ ಆ ಪಾತ್ರವನ್ನು ಯಾರೂ ಕೇಳಿ ಪಡೆಯುವಂತಿರಲಿಲ್ಲ. ತಡವಾಗಿ ಬಂದವರ ತಲೆಗೆ ಕಟ್ಟುತ್ತಿದ್ದರು.

ಒಂದು ಚಳಿಗಾಲ ತಂಗಿಯ ದನಿ ಒಡೆಯಿತು. ಶೀತ ಎಂದುಕೊಂಡೆವು. ಶೀತ ಹೋಯಿತು, ದನಿ ಸರಿಹೋಗಲಿಲ್ಲ. ಗಂಟಲಲ್ಲಿ ಕ್ಯಾನ್ಸರ್ ಎಂದರು ಡಾಕ್ಟರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಉಸಿರಾಡಲು ಕತ್ತಿನಲ್ಲಿ ತೂತು ಮಾಡಬೇಕು, ತಡ ಮಾಡುವ ಹಾಗಿಲ್ಲ.

“ಈ ಸಲದ ಆಟ ಒಂದು ಮುಗೀಲಿ ಅಕ್ಕಾ. ಆಮೇಲೆ ಏನಾದ್ರೂ ಕೊಯ್ಕೊಳ್ಲಿ.”

“ನಿನ್ನ ಆಟಕ್ಕಿಷ್ಟು ಬೆಂಕಿ ಹಾಕ! ಜೀವ ಇದ್ರೆ ತಾನೇ ಆಟ?”

“ಮಾಟಗಾತಿ ಬೇರೆಯವರ ಪಾಲಾಗ್ತಾಳೆ.”

“ಅದ್ಹೇಗೆ ಆಗ್ತಾಳೆ? ನಾನೂ ಬರ್ತೀನಿ. ಯಾವನು ಕೊಡಲ್ಲ ಅಂತಾನೋ ನೋಡೇಬಿಡೋಣ.”

ಆ ಮಾತಿಗೆ ಅವಳು ಒಪ್ಪಿದಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ನಿಲ್ದಾಣದ ಅಧಿಕಾರಿ ಕರೆಸಿದ. ಎಲ್ಲ ಬಸ್ಸುಗಳ ಪ್ರಕಟಣೆಯನ್ನೂ ರೆಕಾರ್ಡ್ ಮಾಡಿಕೊಳ್ಳಬೇಕಂತೆ. “ನಿನ್ನ ದನಿ ಇಲ್ಲೇ ಉಳಿಯುತ್ತಮ್ಮಾ,” ಎಂದನಂತೆ. ನಾನು ಬೇಡವೆಂದೆ, ಬಾಗಿಲಿಗೆ ಅಡ್ಡ ನಿಂತೆ, ಅವಳು ಕೇಳಲಿಲ್ಲ. ಆಗ ಅವಳ ಹಳೆಯ ದನಿ ಸರಾಗವಾಗಿ ಹೊರಡುತ್ತಿದ್ದದ್ದು ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತೆಲ್ಲ ಬಸ್ ನಂಬರುಗಳಿಗೆ ಹೋಯಿತು. ಅವತ್ತು ಅವಳ ಪಕ್ಕ ಕೂತು ಏನಾದರೂ ಕೇಳಿಸಿಕೊಳ್ಳಬೇಕೆಂದು ನಾನು ಹೊಲಿಗೆ ಮೆಷಿನ್ನು ಮುಚ್ಚಿಟ್ಟು ಕಾದಿದ್ದೆ. ಮನೆಗೆ ಬಂದವಳ ಗಂಟಲಲ್ಲಿ ಗೊರಗೊರ ಬಿಟ್ಟರೆ ಏನೂ ಉಳಿದಿರಲಿಲ್ಲ. ಬಸ್ಸಿಗಿದ್ದ ಅದೃಷ್ಟ ಒಡಹುಟ್ಟಿದವಳಿಗಿರಲಿಲ್ಲ. ಆ ಅಧಿಕಾರಿಗೆ ನಾನು ಹಾಕಿದ ಶಾಪವನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಜೀವ ಉಳಿಯಿತು. ಗಾಯ ಒಣಗಿದ ಮೇಲೆ ಪಾತ್ರ ಆರಿಸುವ ದಿನ ಬಂತು. ಕಪ್ಪು ನಿಲುವಂಗಿಯನ್ನು ಅವಳೇ ಇಸ್ತ್ರಿ ಮಾಡಿ ಚೀಲಕ್ಕೆ ಹಾಕಿಕೊಂಡಳು. ಕತ್ತಿಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು. ಕೊಟ್ಟ ಮಾತಿನಂತೆ ನಾನೂ ಹಿಂದೆ ಹೋದೆ.

ಕಾವಲುಗಾರ ಎದ್ದು ರಾಜನ ಮಾತು ಹೇಳಿದ, ಎಲ್ಲರೂ ‘ಓ’ ಎಂದರು. ಇನ್ನಿಬ್ಬರ ಸರದಿ ಆಯಿತು. ಆಮೇಲೆ ನನ್ನ ತಂಗಿ ಎದ್ದು ನಿಂತಳು. ಬೆನ್ನು ನೆಟ್ಟಗೆ ಮಾಡಿ ಬಾಯಿ ತೆರೆದಳು. ತುಟಿ ಒಂದೊಂದು ಅಕ್ಷರವನ್ನೂ ಬಿಡದೆ ಆಡಿತು. ದನಿ ಮಾತ್ರ ಇಲ್ಲ, ಕತ್ತಿನ ತೂತಿನಿಂದ ಸುಯ್ ಎಂದು ಗಾಳಿ ಬಂತು. ಅವಳು ಏನು ಹೇಳುತ್ತಿದ್ದಾಳೆಂದು ಅಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಒಬ್ಬರೂ ಓಗೊಡಲಿಲ್ಲ. ಕಾವಲುಗಾರ ಉಗುರು ನೋಡಿಕೊಂಡ. ನರ್ಸು ಮೂಗು ಒರೆಸಿಕೊಂಡಳು. ತಂಗಿ ಇನ್ನೊಮ್ಮೆ ತುಟಿ ಆಡಿಸಿದಳು. ಆಗ ಎಲೆಕ್ಟ್ರಿಷಿಯನ್ ಒಂದು ಬೂದು ಬಣ್ಣದ ಅಂಗಿಯ ಮಡಿಕೆ ಬಿಡಿಸಿ ಹಿಡಿದು ಅವಳ ಮುಂದೆ ಬಂದ.

“ಅಕ್ಕಾ, ಎಲ್ಲಾ ಸೇರಿ ನಿಮಗೇ ಅಂತ ಹೊಲಿಸಿದೀವಿ. ಕಾಲರ್ ನೋಡಿ, ಕತ್ತು ಪೂರ್ತಿ ಮುಚ್ಚುತ್ತೆ. ಕಲ್ಲರಸಿಗೆ ಮಾತಿಲ್ವಲ್ಲ, ನಿಮಗೇನೂ ಕಷ್ಟ ಆಗಲ್ಲ.”

ಪುಣ್ಯಾತ್ಮ, ಪ್ರೀತಿಯಿಂದಲೇ ಹೇಳಿದ. ಅದಕ್ಕೇ ನನ್ನ ಹೊಟ್ಟೆ ಉರಿದುಹೋಯಿತು.

“ಓ!” ಎಂದು ಕೂಗಿದೆ ನಾನು. “ಕೇಳಿಸ್ತಾ? ನಾನು ಓಗೊಟ್ಟೆ. ಮಾಟಗಾತಿ ಅವಳೇ!”

“ನೀವು ಆಟದವರಲ್ವಲ್ಲಮ್ಮಾ, ಹೊರಗಿನವರದ್ದು ಲೆಕ್ಕಕ್ಕಿಲ್ಲ,” ಎಂದ ಕಾವಲುಗಾರ ಮೆತ್ತಗೆ.

“ನಿಮ್ಮ ಲೆಕ್ಕಕ್ಕೆ ಮಣ್ಣು ಹಾಕ! ಕತ್ತು ಮುಚ್ಚಿದ್ರೆ ಉಸಿರಾಡೋದು ಎಲ್ಲಿಂದ ಅಂತ ಒಬ್ಬರಿಗಾದ್ರೂ ಹೊಳೀತಾ? ಪ್ರೀತಿ ಅಂತೆ ಪ್ರೀತಿ!”

ತಂಗಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಮುಲಾಮಿನ ವಾಸನೆ ಬರುತ್ತಿತ್ತು. ಆ ಕೈ ತೆಗೆದು ಎಲೆಕ್ಟ್ರಿಷಿಯನ್ನನ ಕಡೆಗೆ ಚಾಚಿ ಬೂದು ಅಂಗಿಯನ್ನು ತೆಗೆದುಕೊಂಡಳು. ಮನೆಗೆ ಬಂದು ನಾನು ಕತ್ತರಿಯಿಂದ ಆ ಕಾಲರನ್ನು ಕತ್ತರಿಸಿ ಎಸೆದೆ. ಅವಳು ಕಪ್ಪು ನಿಲುವಂಗಿಯನ್ನು ಮಡಿಸಿ ನನ್ನ ಚಿಂದಿ ಬಟ್ಟೆಯ ಮೂಟೆಗೆ ತುರುಕಿದಳು.

ಆಟದ ದಿನ ಅವಳು ರೆಪ್ಪೆ ಬಡಿಯದೆ ಕೂತಿದ್ದಳು. ಮಾಟಗಾತಿಯ ಮಾತನ್ನು ನರ್ಸು ಹೇಳಿದಾಗಲೂ ಅಲುಗಲಿಲ್ಲ. ಇಂಥ ಕಲ್ಲರಸಿ ಇದುವರೆಗೆ ಬಂದೇ ಇರಲಿಲ್ಲವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಅವಳು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ನಿಲ್ದಾಣದವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಪ್ರಯಾಣಿಕರ ಸಾಮಾನು ಇಟ್ಟುಕೊಳ್ಳುವ ಕೋಣೆಗೆ ಹಾಕಿದರು. ಒಂದು ಕಿಟಕಿ, ಒಂದು ಕುರ್ಚಿ, ಸುತ್ತ ಜನರ ಪೆಟ್ಟಿಗೆಗಳು. ನೆತ್ತಿಯ ಮೇಲೇ ಧ್ವನಿವರ್ಧಕ. ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಹೋದಾಗ ಕಿಟಕಿಯ ಹೊರಗಿನ ಬೆಂಚಿನ ಮೇಲೆ ನಾನೂ ಸ್ವಲ್ಪ ಹೊತ್ತು ಕೂರುತ್ತೇನೆ. ಮೊದಮೊದಲು ಮೇಲಿನ ದನಿಯ ಜೊತೆಗೆ ಅವಳ ತುಟಿಯೂ ಆಡುತ್ತಿತ್ತು. ಈಗ ಆಡುವುದಿಲ್ಲ. “ಪ್ರಯಾಣಿಕರ ಗಮನಕ್ಕೆ,” ಎಂದು ಗಂಟೆ ಬಾರಿಸಿದ ಹಾಗೆ ಅವಳ ದನಿ ಕೇಳುತ್ತದೆ. ಮಲಗಿದವರು, ತಿನ್ನುತ್ತಿದ್ದವರು, ಜಗಳವಾಡುತ್ತಿದ್ದವರು, ಎಲ್ಲರೂ ದಡಬಡಿಸಿ ಎದ್ದು ಅವಳ ಕಿಟಕಿಯ ಮುಂದೆಯೇ ಓಡುತ್ತಾರೆ. ಅವಳು ಮಾತ್ರ ಕೂತಿರುತ್ತಾಳೆ.