ಅಕ್ಕ ನೋಡಿಕೊಟ್ಟ ಜೀವಕೋಶಗಳು

ಹಡಗಲಿಯ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಪಾಠ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಹಗರಿಬೊಮ್ಮನಹಳ್ಳಿಯ ಮನೆಗೆ ಬಂದು ಬಿದ್ದರೆ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಆಮೇಲೆ ಶುರುವಾಗುತ್ತಿತ್ತು ಪಿಎಚ್‌ಡಿಯ ಕಾಟ. ಅದು ಐದನೆಯ ವರ್ಷ. ಗೈಡ್ ಕೊಟ್ಟಿದ್ದ ಕೊನೆಯ ಗಡುವು ಆ ತಿಂಗಳಿಗೇ ಮುಗಿಯುತ್ತಿತ್ತು.

ನಾನು ನೋಡುತ್ತಿದ್ದದ್ದು ಮೂತ್ರಪಿಂಡದ ನಾಳದ ಒಳಮೈಯ ಜೀವಕೋಶಗಳನ್ನು. ಅವುಗಳ ಪೊರೆಯಲ್ಲಿ ಒಂದು ಪ್ರೋಟೀನು, ಅದರ ಮೈಗೆ ಸಕ್ಕರೆಯ ಸಣ್ಣ ಸರಪಳಿಗಳು. ಸರಪಳಿ ಇದ್ದರೆ ಪ್ರೋಟೀನು ಕೋಶದ ಮೇಲುಬದಿಗೇ ಹೋಗಿ ನಿಲ್ಲುತ್ತದೆ, ಇಲ್ಲದಿದ್ದರೆ ದಾರಿ ತಪ್ಪಿ ಕೆಳಬದಿಗೂ ಹೋಗುತ್ತದೆ ಎಂಬುದು ನನ್ನ ವಾದ. ಸರಪಳಿ ಇರುವ, ಸರಪಳಿ ಇಲ್ಲದ ಎರಡೂ ಬಗೆಯ ಪ್ರೋಟೀನು ಹಸಿರಾಗಿ ಹೊಳೆಯುವಂತೆ ಮಾಡಿ ತೆಗೆದ ನೂರಾರು ಫೋಟೊಗಳಿದ್ದವು. ಹೊಳಪು ಎಲ್ಲಿದೆ ಎಂದು ಒಂದೊಂದನ್ನೂ ನೋಡಿ ಬರೆಯಬೇಕು. ಯಾವ ನಂಬರಿನ ಫೋಟೊದಲ್ಲಿ ಸರಪಳಿ ಇಲ್ಲ ಎಂಬುದು ನನಗೆ ಬಾಯಿಪಾಠ; ನಾನೇ ನೋಡಿದರೆ ಬೇಕಾದದ್ದೇ ಕಂಡೀತು, ಹಾಗಾಗಿ ನಾನು ನೋಡುವಂತಿರಲಿಲ್ಲ. ಮನೆಯಲ್ಲಿ ಬ್ಲೌಸ್ ಹೊಲಿಯುವ ಅಕ್ಕನನ್ನು ಹಿಡಿದು ಕೂರಿಸಿದೆ.

“ಮ್ಯಾಲೈತಿ... ಇದೂ ಮ್ಯಾಲೆ... ಇದು ಎಲ್ಡೂ ಕಡಿ ಐತಿ ನೋಡು,” ಎಂದು ಅವಳು ಹೇಳುವುದು, ಪಕ್ಕದಲ್ಲಿ ಕೂತು ನಾನು ಬರೆದುಕೊಳ್ಳುವುದು. ವಾರದೊಳಗೆ ಎಲ್ಲವೂ ನನ್ನ ವಾದದಂತೆಯೇ ಬರತೊಡಗಿತು. ಆ ದಣಿವಿನಲ್ಲೂ ಖುಷಿಯಾಗಿತ್ತು.

ಒಂದು ಸಂಜೆ ಚಹಾ ಇಡಲು ಎದ್ದೆ. “ನೀನೇ ಬರ್ಕೋತಿರು,” ಅಂದೆ.

“ಏ, ಬಾರವ್ವ ನೀ. ನೀ ಇಲ್ದಿದ್ರ ನಂಗ ತಿಳಿಯಂಗಿಲ್ಲ.”

“ಯಾಕ?”

“ಅರ್ಧ ಫೋಟೊ ಮಸುಕು ಅದಾವ. ನಿನ್ನ ಮಾರಿ ನೋಡಿ ಹೇಳ್ತೀನಿ. ಮ್ಯಾಲೈತಿ ಅನ್ನೂದ್ರಾಗ ನಿನ್ನ ಮಾರಿ ಸಪ್ಪಗಾದ್ರ ಇನ್ನೊಂದು ಹೇಳಿಬಿಡ್ತೀನಿ. ಮೊದ್ಲೇ ದಣಿದು ಬಂದಿರ್ತೀ.”

ಸಿಟ್ಟು ನೆತ್ತಿಗೇರಿತು. “ಎಂಥಾ ಕೆಲಸ ಮಾಡಿದ್ಯಕ್ಕ! ಐದು ವರ್ಷ ಮಣ್ಣುಪಾಲು ಮಾಡಿದ್ಯಲ್ಲ!” ಎಂದು ಕೂಗಾಡಿದೆ. ತಪ್ಪೇನೆಂದು ತಿಳಿಯದೆ ಅವಳು ಹೊಲಿಗೆ ಮಿಷಿನ್ನಿನ ಮುಂದೆ ಹೋಗಿ ಕೂತಳು. ತಪ್ಪು ನನ್ನದೇ. ಉತ್ತರ ಗೊತ್ತಿದ್ದವಳು ಪಕ್ಕದಲ್ಲಿ ಕೂರಬಾರದೆಂದು ಇಷ್ಟು ಓದಿದ ನನಗೆ ಹೊಳೆಯಬೇಡವೇ?

ಬರೆದದ್ದನ್ನೆಲ್ಲ ಹೊಡೆದುಹಾಕಿ, ಫೋಟೊಗಳ ಕ್ರಮ ಅದಲುಬದಲು ಮಾಡಿ, ಮತ್ತೆ ಮೊದಲಿನಿಂದ ಕೊಟ್ಟೆ. ಅವಳು ಒಳಗೆ ಒಬ್ಬಳೇ ಬರೆಯುವಳು, ನಾನು ಹೊರಗೆ ಕಟ್ಟೆಯ ಮೇಲೆ. ಹತ್ತು ದಿನ ಹೀಗೇ ಹೋಯಿತು. ಭಾನುವಾರ ಕೂಡಿಸಿ ನೋಡಿದರೆ ಸರಪಳಿ ಇದ್ದವೂ ಇಲ್ಲದವೂ ಹೆಚ್ಚುಕಡಿಮೆ ಒಂದೇ. ನನ್ನ ವಾದ ನಿಲ್ಲುವಂತಿರಲಿಲ್ಲ.

ಅಕ್ಕ ಹೊಲಿಗೆ ಬಿಟ್ಟು ಬಂದಳು.

“ಬರ್ಲಿಲ್ಲೇನ?”

“ಇಲ್ಲಕ್ಕ.”

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. “ಇನ್ನೊಮ್ಮೆ ನೋಡ್ತೀನಿ ತಗೋ. ಈ ಸಲ ನೀ ನನ್ನ ಬಾಜೂಕ ಕುಂದ್ರು,” ಅಂದು ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟಳು.

ನಾನು ಕೂರಲಿಲ್ಲ. ಕೂತುಬಿಡಬೇಕೆಂದು ಎಷ್ಟು ಆಸೆಯಾಯಿತೆಂದರೆ ಅಳು ಬಂದುಬಿಟ್ಟಿತು.