ಪ್ಲೈವುಡ್ ಸುರಂಗದ ಮುಖ್ಯಸ್ಥೆ

ವಿಭಾಗದ ಮುಖ್ಯಸ್ಥರು ಕೆಲಸದ ವೇಳೆಯಲ್ಲಿ ಪ್ಲೈವುಡ್ ಸುರಂಗದೊಳಗೆ ಮಲಗಿ ಗೊರಕೆ ಹೊಡೆಯುವುದು ಹುದ್ದೆಯ ಘನತೆಗೆ ತಕ್ಕುದೇ ಎಂಬ ಗಹನವಾದ ಪ್ರಶ್ನೆ ನಮ್ಮ ಸಂಸ್ಥೆಯನ್ನು ಇಡೀ ಒಂದು ವರ್ಷ ಕಾಡಿತು. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರೇ ಆ ಗೊರಕೆಯ ಒಡತಿ. ಆಟಿಸಂ ಇರುವ ಮಕ್ಕಳ ಮಿದುಳಿನ ರಚನೆಯನ್ನು ಎಂಆರ್‌ಐ ಚಿತ್ರಗಳಿಂದ ಅರಿಯುವ ಕ್ಷೇತ್ರದಲ್ಲಿ ಅವರ ಮಾತಿಗಿರುವ ತೂಕವನ್ನು ಬಲ್ಲವರು ಆ ಗೊರಕೆಗೂ ಗೌರವ ಸಲ್ಲಿಸುತ್ತಾರೆ.

ಅವರು ಮುಖ್ಯಸ್ಥರಾದ ಹೊಸತರಲ್ಲಿ ನಮ್ಮ ಕಿರಿಯ ಸಂಶೋಧಕನೊಬ್ಬ, ಈ ಮಕ್ಕಳಲ್ಲಿ ಮಿದುಳಿನ ಹೊರಪದರ ತೆಳುವಾಗಿದೆಯೆಂದು ಲೆಕ್ಕ ಹಾಕಿ, ಪ್ರಬಂಧ ಕಳಿಸುವ ಮೊದಲೇ ಕಾರಿಡಾರಿನಲ್ಲಿ ಡಂಗುರ ಸಾರಿದ. ಅದು ಅಲ್ಲಿ ಕಾಯುತ್ತಿದ್ದ ತಾಯಿಯೊಬ್ಬರ ಕಿವಿಗೆ ಬಿತ್ತು. ಅವರು ಮಗಳ ಕೈ ಹಿಡಿದುಕೊಂಡೇ ಮೇಡಂ ಕೋಣೆಗೆ ಬಂದರು.

"ಇವಳ ಮಿದುಳು ಸವೆದು ಹೋಗ್ತಿದೆಯಾ ಮೇಡಂ? ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ."

"ನಂಗೇ ಗೊತ್ತಿಲ್ಲಮ್ಮ. ಗೊತ್ತಾದ ದಿನ ನಾನೇ ಹೇಳ್ತೀನಿ."

ಎಂಆರ್‌ಐ ಯಂತ್ರದೊಳಗೆ ತಲೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕದಡುತ್ತದೆ. ಅಲುಗದೆ ಮಲಗುವುದು ಈ ಮಕ್ಕಳಲ್ಲಿ ಹಲವರಿಗೆ ಕಷ್ಟ. ಹೊರಪದರ ತೆಳುವಾಗಿ ಕಂಡದ್ದು ಈ ಅಲುಗಾಟದಿಂದಲೇ ಇರಬಹುದೆಂಬ ಗುಮಾನಿಯಿಂದ ಮೇಡಂ ತಾವೇ ಯಂತ್ರದೊಳಗೆ ಎರಡು ಸಲ ಮಲಗಿದರು: ಒಮ್ಮೆ ಕಲ್ಲಿನಂತೆ, ಇನ್ನೊಮ್ಮೆ ಸಂಗೀತಕ್ಕೆ ತಲೆದೂಗುವವರಂತೆ. ಎರಡನೆಯ ಚಿತ್ರದಲ್ಲಿ ಅವರ ಹೊರಪದರವೂ ತೆಳುವಾಗಿ ಕಂಡಿತು.

"ಏನಪ್ಪಾ, ಕಾಫಿ ಕುಡಿಯೋಷ್ಟರಲ್ಲಿ ನನ್ನ ಮಿದುಳೂ ಕರಗಿ ಹೋಯ್ತಲ್ಲ!"

"ಮೇಡಂ, ಈ ಪ್ರಬಂಧದ ಮೇಲೇ ನನ್ನ ಬಡ್ತಿ ನಿಂತಿದೆ" ಎಂದು ಆ ಕಿರಿಯ ಸಂಶೋಧಕ ಗೋಗರೆದ.

"ನಿಂತಿರ್ಲಿ. ಮಕ್ಕಳ ತಲೆಯೂ ಹಾಗೇ ನಿಲ್ಲಲಿ, ಆಮೇಲೆ ಕಳ್ಸೋಣ."

ಬಡಗಿಯಿಂದ ಯಂತ್ರದಳತೆಯ ಪ್ಲೈವುಡ್ ಸುರಂಗ ಮಾಡಿಸಿ, ಯಂತ್ರದ ಸದ್ದನ್ನು ಮುದ್ರಿಸಿ ಅದರೊಳಗೆ ಕೇಳಿಸುತ್ತ, ಭಯ ಹೋಗುವವರೆಗೂ ಮಕ್ಕಳಿಗೆ ತಾಲೀಮು ಮಾಡಿಸಿದರು. ತಾವು ಮಲಗದ ಕಡೆ ಮಗುವನ್ನು ಮಲಗಿಸಬಾರದೆಂಬುದು ಅವರ ನೇಮ. ಗೊರಕೆ ಅದರ ಉಪಫಲ. ಆ ತಾಯಿಯ ಮಗಳು ಬಹಳ ದಿನ ಸುರಂಗದೊಳಗೆ ಪಾದವನ್ನಷ್ಟೇ ಇಟ್ಟು ತೆಗೆಯುತ್ತಿದ್ದಳು. ಒಂದು ಬೆಳಿಗ್ಗೆ ಒಳಗೆ ಗೊರಕೆ ಹೊಡೆಯುತ್ತಿದ್ದ ಮೇಡಂ ಅವರ ಕಾಲು ಹಿಡಿದೆಳೆದು, "ಏಳು, ನನ್ ಸರದಿ" ಎಂದು ತಾನೇ ಹೋಗಿ ಮಲಗಿದಳು. ಹುದ್ದೆಯ ಘನತೆಯ ಪ್ರಶ್ನೆ ಅಂದೇ ಇತ್ಯರ್ಥವಾಯಿತು.

ನಿವೃತ್ತಿಯ ಬಳಿಕವೂ ಸುರಂಗದ ಕೋಣೆಯ ಕೀಲಿಕೈ ಅವರ ಬಳಿಯೇ ಇರಲಿ, ಹೊಸ ಮಕ್ಕಳು ಅವರ ಕಾಲೆಳೆಯುತ್ತಿರಲಿ, ಆ ಗೊರಕೆ ನೂರು ವರ್ಷ ನಮ್ಮ ಕಾರಿಡಾರಿನಲ್ಲಿ ಮೊಳಗಲಿ.

ಇನ್ನು ಆ ಲೆಕ್ಕದ ವಿಚಾರ. ಅದೇ ಮಕ್ಕಳು ಅಲುಗದೆ ಮಲಗಿದಾಗ ತೆಗೆದ ಚಿತ್ರಗಳಲ್ಲಿ ಹೊರಪದರ ತೆಳುವಾಗಿರಲಿಲ್ಲ. ಮೇಡಂ ಆ ತಾಯಿಗೆ ತಾವೇ ಫೋನ್ ಮಾಡಿ ಹೇಳಿದರು.